ಬೊಂಬೆಗೊಂದು ಬೀದಿ

ಬ್ಯಾಟ್‌ಮನ್ ಆಕ್ಷನ್ ಫಿಗರ್ ಡಬ್ಬಿಯಿಂದ ಹೊರಬಂದ ದಿನ ಮನೆಯಲ್ಲಿ ಸಂಭ್ರಮ. ಕತ್ತು, ಭುಜ, ಮೊಣಕೈ, ಸೊಂಟ, ಮಂಡಿ ಎಲ್ಲ ಕಡೆಯೂ ಕೀಲು. ಬಾಗಿಸಿದತ್ತ ಬಾಗುತ್ತದೆ, ನಿಲ್ಲಿಸಿದಂತೆ ನಿಲ್ಲುತ್ತದೆ. ಹದಿನೈದು ದಿನ ಕಳೆಯಲಿ. ಅದೇ ಬ್ಯಾಟ್‌ಮನ್ ಟಿ.ವಿ. ಪಕ್ಕದ ಶೋಕೇಸಿನಲ್ಲಿ, ಒಂದು ಕಡೆ ಶಾಲೆಯ ಟ್ರೋಫಿ, ಇನ್ನೊಂದು ಕಡೆ ಗಡಿಯಾರ, ನಡುವೆ ಕೈಕಟ್ಟಿ ನಿಂತಿರುತ್ತಾನೆ. ಸಾವಿರಾರು ರೂಪಾಯಿ ಕೊಟ್ಟು ತಂದ ಬೊಂಬೆ. ಆದರೂ ಅದಕ್ಕೆ ಕಾಲೂರಲು ನೆಲವಿಲ್ಲ, ಬೆನ್ನಿಗೆ ಗೋಡೆಯಿಲ್ಲ, ಬಂದ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ.

ಆ ನೆಲ, ಗೋಡೆ, ದಾರಿಗಳನ್ನು ಊಟದ ಮೇಜಿನ ಮೇಲೆ ಕೈಯಾರೆ ಕಟ್ಟಿ, ಬಣ್ಣ ಹಚ್ಚಿ, ಬೊಂಬೆಯನ್ನು ಅದರೊಳಗೆ ನಿಲ್ಲಿಸುವ ಹವ್ಯಾಸವೊಂದಿದೆ; ಹಾಗೆ ಕಟ್ಟಿದ ದೃಶ್ಯಕ್ಕೆ ಡಯೋರಾಮಾ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಹವ್ಯಾಸದ ನಿಜವಾದ ಸುಖ ಇರುವುದು ಬೊಂಬೆಯ ಹಿಂದಿನ ಗೋಡೆಯಲ್ಲಿ. ಬೊಂಬೆಯನ್ನು ಕಾರ್ಖಾನೆ ಮಾಡಿ ಕೊಟ್ಟಾಗಿದೆ. ಗೋಡೆಯನ್ನು ನಾವೇ ನೋಡಿ, ಅಳೆದು, ನೆನಪಿಟ್ಟು ಮಾಡಬೇಕು.

ಹಳೇ ಮೈಸೂರಿನ ಕಡೆಯವರಿಗೆ ಈ ಕೆಲಸವನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳು ಮೆಟ್ಟಿಲ ಮೇಲೆ ಗಂಭೀರವಾಗಿ ನಿಂತರೆ, ಮೆಟ್ಟಿಲ ಕೆಳಗಿನ ನೆಲ ಮಕ್ಕಳ ಪಾಲು. ಅಲ್ಲೊಂದು ಪಾರ್ಕು, ಒಂದು ಮೃಗಾಲಯ, ಒಂದು ಹಳ್ಳಿ ಏಳುತ್ತದೆ. ಹಬ್ಬಕ್ಕೆ ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ಪಾಡ್ಯದ ಹೊತ್ತಿಗೆ ಹಸಿರು ಗದ್ದೆ ಸಿದ್ಧ. ಕನ್ನಡಿಯ ಚೂರು ಕೆರೆಯಾಗುತ್ತದೆ, ದಡಕ್ಕೆ ಮರಳು ಬೀಳುತ್ತದೆ, ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲುಹಾಸಾಗುತ್ತದೆ. ಮೈಸೂರಿನ ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಯಲ್ಲಿ ನಡೆಸುವ ‘ಬೊಂಬೆ ಮನೆ’ ಪ್ರದರ್ಶನ ನೋಡಿದವರಿಗೆ ಈ ಕಲೆ ಎಷ್ಟು ಜೀವಂತವಾಗಿದೆ ಎಂದು ಗೊತ್ತಿರುತ್ತದೆ. ಈ ಪಾರ್ಕು ಕಟ್ಟಿ ಬೆಳೆದ ಕೈಗೆ ಆಕ್ಷನ್ ಫಿಗರಿನ ಓಣಿ ಕಟ್ಟುವುದು ಕಷ್ಟವಲ್ಲ. ವ್ಯತ್ಯಾಸ ಒಂದೇ. ದಸರೆಯ ಪಾರ್ಕಿನಲ್ಲಿ ಕುರಿಗಿಂತ ಕೋಳಿ ದೊಡ್ಡದಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಡಯೋರಾಮಾದಲ್ಲಿ ಅಳತೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಆದ್ದರಿಂದ ಮೊದಲು ಅಳತೆ. ಹ್ಯಾಸ್‌ಬ್ರೋ ಕಂಪನಿ 1964ರಲ್ಲಿ ಅಮೆರಿಕದಲ್ಲಿ ಬಿಟ್ಟ ಮೊದಲ ಜಿ.ಐ. ಜೋ ಸೈನಿಕ ಹನ್ನೆರಡು ಇಂಚು ಎತ್ತರವಿದ್ದ. ಆರಡಿ ಆಳಿನ ಆರನೇ ಒಂದು ಪಾಲು. 1978ರಲ್ಲಿ ಕೆನ್ನರ್ ಕಂಪನಿ ‘ಸ್ಟಾರ್ ವಾರ್ಸ್’ ಬೊಂಬೆಗಳನ್ನು ಮೂರು ಮುಕ್ಕಾಲು ಇಂಚಿಗೆ ಇಳಿಸಿತು. ಅದು ಹದಿನೆಂಟನೇ ಒಂದು ಪಾಲು. 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಇಳಿದ. ಫನ್‌ಸ್ಕೂಲ್ ಕಂಪನಿ ಭಾರತದಲ್ಲಿ ತಯಾರಿಸಿ ಮಾರಿದ್ದು ಈ ಚಿಕ್ಕ ಜೋಗಳನ್ನೇ. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಬೆಳೆದ ಎಷ್ಟೋ ಹುಡುಗರ ಕಂಪಾಸ್ ಬಾಕ್ಸಿನಲ್ಲಿ ಅವರಲ್ಲೊಬ್ಬ ಇರುತ್ತಿದ್ದ. ಈಗ ಸಂಗ್ರಾಹಕರು ಹೆಚ್ಚಾಗಿ ಕೊಳ್ಳುವುದು ಆರು ಇಂಚಿನ ಬೊಂಬೆ. ಅದು ಹನ್ನೆರಡನೇ ಒಂದು ಪಾಲು, ಅಂದರೆ ನಿಜ ಜಗತ್ತಿನ ಒಂದು ಅಡಿಗೆ ಮೇಜಿನ ಮೇಲೆ ಒಂದು ಇಂಚು.

ಇದು ನಮಗೆ ಒದಗಿದ ಅನುಕೂಲ. ನಮ್ಮ ಮೇಸ್ತ್ರಿಗಳೂ ಬಡಗಿಗಳೂ ಇಂದಿಗೂ ಅಡಿ-ಇಂಚಿನಲ್ಲೇ ಮಾತಾಡುತ್ತಾರೆ. ಏಳಡಿ ಬಾಗಿಲು ಏಳು ಇಂಚಾಗುತ್ತದೆ. ಹತ್ತಡಿ ಗೋಡೆ ಹತ್ತು ಇಂಚು. ಒಂಬತ್ತು ಇಂಚಿನ ಇಟ್ಟಿಗೆ ಮುಕ್ಕಾಲು ಇಂಚು. ಹದಿನಾರು ಇಂಚಿನ ಮಂಗಳೂರು ಹೆಂಚು ಒಂದೂಕಾಲು ಇಂಚಿಗಿಂತ ತುಸು ಹೆಚ್ಚು. ಆರು ಇಂಚಿನ ಮೆಟ್ಟಿಲು ಅರ್ಧ ಇಂಚು. ಕ್ಯಾಲ್ಕ್ಯುಲೇಟರ್ ಬೇಕಿಲ್ಲ, ಅಳತೆ ಟೇಪು ಹಿಡಿದು ಮನೆಯ ಸುತ್ತ ಒಮ್ಮೆ ಓಡಾಡಿದರೆ ನಕ್ಷೆ ತಯಾರು.

ಇದೇ ಅಳತೆಯಲ್ಲಿ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಅಮೆರಿಕದ ಹೆಣ್ಣುಮಗಳು 1940ರ ದಶಕದಲ್ಲಿ ಮಾಡಿದ ಕೆಲಸವನ್ನು ಈ ಹವ್ಯಾಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಚಿತ್ರಗಳಲ್ಲಾದರೂ ನೋಡಬೇಕು. ಅನುಮಾನಾಸ್ಪದ ಸಾವು ಸಂಭವಿಸಿದ ಕೋಣೆಗಳನ್ನು ಆಕೆ ಬೊಂಬೆಮನೆಗಳಾಗಿ ಕಟ್ಟಿದರು. ಸ್ಥಳವನ್ನು ಹೇಗೆ ನೋಡಬೇಕೆಂದು ಪೊಲೀಸರಿಗೆ ಕಲಿಸುವುದು ಉದ್ದೇಶ. ಸತ್ತ ಬೊಂಬೆಯ ಕಾಲ್ಚೀಲವನ್ನು ಗುಂಡುಪಿನ್ನುಗಳಲ್ಲೇ ಹೆಣೆದರು. ಮೈ ಬಣ್ಣ ತಿರುಗಿದ್ದು, ಬಟ್ಟೆ ಸವೆದದ್ದು, ಅಡುಗೆಮನೆಯಲ್ಲಿ ಅರ್ಧಕ್ಕೆ ನಿಂತ ಕೆಲಸ, ಎಲ್ಲವೂ ಅಲ್ಲಿ ಸಾಕ್ಷ್ಯ. ಅವುಗಳಲ್ಲಿ ಹದಿನೆಂಟು ಕೋಣೆಗಳನ್ನು ಬಾಲ್ಟಿಮೋರಿನ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿ ಕಾಪಾಡಿಕೊಂಡು ಬಂದಿದೆ. ಕಾರಣವಿಲ್ಲದ ಒಂದು ಕಲೆಯನ್ನೂ ಆಕೆ ಗೋಡೆಗೆ ಹಚ್ಚಲಿಲ್ಲ. ನಮಗೆ ಬೇಕಾದ ಪಾಠ ಅದು; ಬಣ್ಣದ ಮಾತಿಗೆ ಬಂದಾಗ ಮತ್ತೆ ನೆನೆಯೋಣ.

ಕಟ್ಟುವ ಸಾಮಾನು ಯಾವುದು? ಥರ್ಮಾಕೋಲ್ ಎಲ್ಲ ಕಡೆ ಸಿಗುತ್ತದೆ, ಆದರೆ ಬ್ಲೇಡು ಹಾಕಿದರೆ ಕಾಳುಕಾಳಾಗಿ ಉದುರುತ್ತದೆ. ಇಟ್ಟಿಗೆಯ ಗೆರೆ ಅದರಲ್ಲಿ ನಿಲ್ಲುವುದಿಲ್ಲ. ಬೆಟ್ಟಗುಡ್ಡಕ್ಕೆ, ಒಳಗಿನ ತುಂಬುವಿಕೆಗೆ ಅದು ಸರಿ. ಗೋಡೆಗೆ ಬೇಕಾದದ್ದು ಎಕ್ಸ್‌ಪಿಎಸ್ ಎಂದು ಕರೆಯುವ ಒತ್ತಾದ ಫೋಮ್ ಹಲಗೆ. ತಾರಸಿಯ ಕಾವು ತಡೆಯಲು, ಕೋಲ್ಡ್ ಸ್ಟೋರೇಜಿನ ಗೋಡೆಗೆ ಅದನ್ನು ಬಳಸುತ್ತಾರೆ. ಕಟ್ಟಡದ ಕೆಲಸ ನಡೆಯುವಲ್ಲಿ ಕೇಳಿದರೆ ಉಳಿದ ತುಂಡು ಸಿಕ್ಕರೂ ಸಿಗಬಹುದು. ಬೆಣ್ಣೆಯಂತೆ ಕತ್ತರಿಸಬಹುದು, ಮೊಂಡು ಪೆನ್ಸಿಲಿನಲ್ಲಿ ಗೆರೆ ಎಳೆದರೆ ಗೆರೆ ಅಚ್ಚೊತ್ತಿದಂತೆ ಉಳಿಯುತ್ತದೆ. ಇಟ್ಟಿಗೆಯ ಸಾಲು ಎಳೆದ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಉಂಡೆ ಮಾಡಿ ಮೇಲೆಲ್ಲ ಒತ್ತುತ್ತಾ ಹೋಗಿ. ಸುಟ್ಟ ಇಟ್ಟಿಗೆಯ ಹಳ್ಳತಿಟ್ಟು ಕ್ಷಣದಲ್ಲಿ ಮೂಡುತ್ತದೆ. ಅಲ್ಲಲ್ಲಿ ಒಂದೊಂದು ಇಟ್ಟಿಗೆಯನ್ನು ಬೆರಳಿಂದ ತುಸು ಒಳಕ್ಕೆ ತಳ್ಳಿದರೆ ಗೋಡೆಗೆ ವಯಸ್ಸು ಬರುತ್ತದೆ.

ಎಚ್ಚರಿಕೆಯ ಮಾತೂ ಇಲ್ಲೇ ಹೇಳಿಬಿಡಬೇಕು. ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ಈ ಎರಡೂ ಬಗೆಯ ಫೋಮನ್ನು ಕರಗಿಸಿ ಹಾಕುತ್ತದೆ. ತಕ್ಷಣ ಹಿಡಿಯುವ ಗೋಂದೂ ಅದನ್ನು ತಿನ್ನಬಹುದು. ಫೆವಿಕಾಲ್ ನಿಧಾನ, ಆದರೆ ನಂಬಿಕಸ್ಥ. ಗುಂಡುಪಿನ್ನು ಚುಚ್ಚಿ ಒಂದು ರಾತ್ರಿ ಬಿಡಬೇಕು. ಉಪ್ಪುಕಾಗದ ಹಾಕಿ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಕಾದ ತಂತಿಯಲ್ಲಿ ಫೋಮ್ ಕೊಯ್ಯುವುದಾದರೆ ಕಿಟಕಿ ತೆರೆದಿರಲಿ, ಮಕ್ಕಳು ದೂರವಿರಲಿ.

ಉಳಿದ ಸಾಮಾನಿಗೆ ಮನೆಯೇ ಅಂಗಡಿ. ಐಸ್‌ಕ್ರೀಮ್ ಕಡ್ಡಿ ಬಾಗಿಲಿನ ಹಲಗೆ. ಊದುಕಡ್ಡಿಯ ಬಿದಿರು ಕಿಟಕಿಯ ಸರಳು. ಫಾಯಿಲನ್ನು ದಪ್ಪ ಬೋಲ್ಟಿನ ಥ್ರೆಡ್ಡಿನ ಮೇಲಿಟ್ಟು ಉಜ್ಜಿದರೆ ಅಲೆಅಲೆಯಾದ ಜಿಂಕ್ ಶೀಟ್. ಸೋಸಿ ಒಣಗಿಸಿದ ಟೀ ಪುಡಿ ಕಾಡುಮಣ್ಣು, ತೆಂಗಿನ ನಾರು ಒಣಹುಲ್ಲು, ಮೊಟ್ಟೆಯ ಸಿಪ್ಪೆ ಕಿತ್ತುಬಿದ್ದ ಗಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿಗೆ ಮರದ ಪುಡಿ ಬೆರೆಸಿದ ಕಣಕದಿಂದ ಬೊಂಬೆಯ ಮೈ ತಿದ್ದುತ್ತಾರೆ. ಫೆವಿಕಾಲಿಗೆ ಮರದ ಹೊಟ್ಟು ಕಲಸಿ ನೆಲಕ್ಕೆ ಮೆತ್ತುವ ಇಂದಿನ ಹವ್ಯಾಸಿ ಮಾಡುವುದು ಅದರ ಹತ್ತಿರದ ಕೆಲಸವನ್ನೇ.

ಇನ್ನು ಬಣ್ಣ. ಹೆಚ್ಚಿನವರು ಸೋಲುವುದು ಇಲ್ಲಿ, ಏಕೆಂದರೆ ಇಟ್ಟಿಗೆಗೆ ಇಟ್ಟಿಗೆ ಬಣ್ಣ, ಎಲೆಗೆ ಹಸಿರು ಎಂದು ಹಚ್ಚಿ ಮುಗಿಸುತ್ತಾರೆ. ಹಾಗೆ ಹಚ್ಚಿದ್ದು ಆಟಿಕೆಯಾಗಿಯೇ ಉಳಿಯುತ್ತದೆ. ಕಾರಣ ಬೆಳಕು. ನಿಜವಾದ ಗೋಡೆಯಲ್ಲಿ ಎರಡು ಇಟ್ಟಿಗೆಗಳ ನಡುವಿನ ಸಂದು ಬೆರಳಗಲ. ಅಲ್ಲಿ ನಿಜವಾದ ನೆರಳು ಕೂರುತ್ತದೆ. ಮೇಜಿನ ಮೇಲಿನ ಗೋಡೆಯಲ್ಲಿ ಆ ಸಂದು ಒಂದು ಮಿಲಿಮೀಟರ್. ಕೋಣೆಯ ದೀಪದ ಬೆಳಕು ಎಲ್ಲ ಕಡೆಯಿಂದ ಬಂದು ಅದನ್ನು ತುಂಬಿಬಿಡುತ್ತದೆ. ಅಲ್ಲಿ ಬೀಳದ ನೆರಳನ್ನು ನಾವು ಬಣ್ಣದಲ್ಲಿ ಬೀಳಿಸಬೇಕು, ಅಂಚಿಗೆ ತಾಗದ ಬಿಸಿಲನ್ನು ಕುಂಚದಲ್ಲಿ ತಾಗಿಸಬೇಕು. ಡಯೋರಾಮಾದ ಬಣ್ಣಗಾರಿಕೆಯೆಲ್ಲ ಇಷ್ಟರಲ್ಲೇ ಇದೆ.

ದುಬಾರಿ ಬಣ್ಣ ಬೇಕಿಲ್ಲ. ಪೇಂಟ್ ಅಂಗಡಿಯಲ್ಲಿ ಒಂದು ಸಣ್ಣ ಡಬ್ಬಿ ಬಿಳಿ ಎಮಲ್ಷನ್, ಕಪ್ಪು, ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್ ಸ್ಟೇನರಿನ ಪುಟ್ಟ ಬಾಟಲಿಗಳು ಸಾಕು. ನೀರಿನಲ್ಲಿ ಕರಗುವ ಬಣ್ಣವಾದ್ದರಿಂದ ಫೋಮಿಗೆ ಅಪಾಯವಿಲ್ಲ. ಮೊದಲಿಗೆ ಎಮಲ್ಷನ್ನಿಗೆ ಕಪ್ಪು ಸ್ಟೇನರೂ ಸ್ವಲ್ಪ ಫೆವಿಕಾಲೂ ಬೆರೆಸಿ ಇಡೀ ಗೋಡೆಗೆ ಬಳಿಯಬೇಕು. ಇದು ಫೋಮಿನ ಮೈಗೆ ಗಟ್ಟಿ ಪದರ ಕೊಡುತ್ತದೆ, ಸಂದುಗಳಲ್ಲಿ ಕತ್ತಲೆಯನ್ನೂ ಇಡುತ್ತದೆ. ಒಣಗಿದ ಮೇಲೆ ಇಟ್ಟಿಗೆಯ ಕೆಂಪು, ಅದೂ ಒಂದೇ ಕೆಂಪಲ್ಲ. ಒಂದೇ ಭಟ್ಟಿಯಲ್ಲಿ ಬೆಂದ ಇಟ್ಟಿಗೆಗಳಲ್ಲೂ ಉರಿಗೆ ಹತ್ತಿರವಿದ್ದದ್ದು ಕಪ್ಪಾಗಿ, ದೂರವಿದ್ದದ್ದು ಹಳದಿಯಾಗಿ ಬರುತ್ತದೆ. ಹತ್ತರಲ್ಲಿ ಎರಡು ಇಟ್ಟಿಗೆಗೆ ಬೇರೆ ಛಾಯೆ ಕೊಡಿ. ಆಮೇಲೆ ನೀರಿನಷ್ಟು ತೆಳುವಾದ ಕಂದುಗಪ್ಪನ್ನು ಮೇಲಿಂದ ಹರಿಯಬಿಡಬೇಕು. ಅದು ತಾನಾಗಿ ಸಂದುಗಳಿಗೆ ಇಳಿದು ನಿಲ್ಲುತ್ತದೆ. ಕೊನೆಗೆ ತಿಳಿ ಬಣ್ಣದಲ್ಲಿ ಅದ್ದಿದ ಕುಂಚವನ್ನು ಹಳೇ ಬಟ್ಟೆಗೆ ಒರೆಸಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ಒಣಗಿಸಿ, ಗೋಡೆಯ ಮೇಲೆ ಹಗುರವಾಗಿ ಸವರಬೇಕು. ಉಬ್ಬಿದ ಅಂಚುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಫೋಮಿನ ತುಂಡು ಕಣ್ಣೆದುರೇ ಗೋಡೆಯಾಗುವುದು ಆ ಗಳಿಗೆಯಲ್ಲಿ. ಆ ಸಂತೋಷವನ್ನು ಅನುಭವಿಸಿಯೇ ತಿಳಿಯಬೇಕು.

ಹೊಳಪು ಮಾತ್ರ ಎಲ್ಲಿಯೂ ಬೇಡ. ಎನಾಮೆಲ್ ಬಳಿದ ಬಾಗಿಲು ಕೂಡ ದೂರದಿಂದ ನೋಡಿದಾಗ ಮಾಸಲಾಗಿಯೇ ಕಾಣುತ್ತದೆ, ನಾವು ನೋಡುತ್ತಿರುವುದು ದೂರದ ಬಾಗಿಲನ್ನೇ. ನೀರು, ಗಾಜು, ಆಗಷ್ಟೇ ಸಾರಿಸಿದ ನೆಲ, ಇವಕ್ಕಷ್ಟೇ ವಾರ್ನಿಷ್ ಮೀಸಲು.

ಬಣ್ಣ ಒಣಗಿದ ಮೇಲೆ ಗೋಡೆಗೆ ಮಳೆ ಬೀಳಬೇಕು, ಜನ ಒರಗಬೇಕು. ಕುಂಚ ಕೆಳಗಿಟ್ಟು ಬೀದಿಗೆ ಹೋಗಿ ನೋಡಿ ಬರುವ ಹಂತ ಇದು. ಮಲೆನಾಡಿನ ಸುಣ್ಣದ ಗೋಡೆಯ ಬುಡವನ್ನು ಗಮನಿಸಿ. ಸೂರಿನಿಂದ ಬಿದ್ದ ನೀರು ಕೆಮ್ಮಣ್ಣನ್ನು ಚಿಮ್ಮಿಸಿ ಮೊಣಕಾಲೆತ್ತರದವರೆಗೆ ಕೆಂಪು ಹಚ್ಚಿರುತ್ತದೆ. ಕೆಳಗೆ ದಟ್ಟ, ಮೇಲೆ ಚುಕ್ಕಿಚುಕ್ಕಿ. ಬಿಸಿಲು ತಾಗದ ಬದಿಗೆ ಪಾಚಿ ಮೊದಲು ಹಸಿರಾಗಿ, ಬೇಸಿಗೆಯಲ್ಲಿ ಕಪ್ಪಾಗಿ ಕಾಣುತ್ತದೆ. ದೀಪವಿಡುವ ಗೂಡಿನ ಮೇಲೆ ಮಸಿ ನಾಲಗೆಯಾಕಾರದಲ್ಲಿ ಏರಿರುತ್ತದೆ. ಜಗಲಿಯ ಕಂಬದಲ್ಲಿ ಕೂತವರ ತಲೆ ತಾಗುವ ಎತ್ತರಕ್ಕೆ ಎಣ್ಣೆಯ ಜಿಡ್ಡು. ಕಿಟಕಿಯ ಕಬ್ಬಿಣದ ಸರಳು ಗೋಡೆಗೆ ಸೇರುವಲ್ಲಿಂದ ತುಕ್ಕಿನ ಗೆರೆ ನೆಟ್ಟಗೆ ಕೆಳಕ್ಕೆ. ಸುಣ್ಣದ ಪದರ ಎದ್ದ ಕಡೆ ಯಾವುದೋ ಮದುವೆಗೆ ಹೊಡೆದ ನೀಲಿ ಇಣುಕುತ್ತದೆ. ಬೆಂಗಳೂರಿನ ಓಣಿಯಲ್ಲಾದರೆ ಟ್ಯಾಂಕು ತುಂಬಿ ಹರಿದ ಹಸಿರು ಜಾಡು, ಮೀಟರ್ ಬಾಕ್ಸು, ಕಾಂಪೌಂಡಿನ ನೆತ್ತಿಗೆ ಚುಚ್ಚಿದ ಗಾಜಿನ ಚೂರು, ಒಂದರ ಮೇಲೊಂದು ಅಂಟಿಸಿ ಹರಿದ ಸಿನಿಮಾ ಪೋಸ್ಟರು.

ಪ್ರತಿ ಕಲೆಗೂ ಒಂದು ಕಾರಣವಿದೆ. ನೀರು ಕೆಳಕ್ಕೆ ಹರಿಯಿತು, ಕೈ ಇಲ್ಲಿ ತಾಗಿತು, ಹೊಗೆ ಮೇಲಕ್ಕೆ ಹೋಯಿತು. ಹೇಗಾಯಿತೆಂದು ಹೇಳಲಾಗದ ಕಲೆಯನ್ನು ಹಚ್ಚಬಾರದು. ಗ್ಲೆಸ್ನರ್ ಲೀ ಅವರಿಂದ ಕಲಿಯಬೇಕಾದದ್ದು ಇದನ್ನೇ. ವಿಧಾನಗಳು ಸುಲಭ. ಸುಣ್ಣ ಎದ್ದ ಗೋಡೆಗೆ ಮೊದಲು ಒಳಪದರದ ನೀಲಿ ಬಳಿದು, ಒಣಗಿದ ಮೇಲೆ ನೀರು ಚಿಮುಕಿಸಿ, ಅಲ್ಲಲ್ಲಿ ಅಡುಗೆ ಉಪ್ಪು ಉದುರಿಸಿ, ಅದು ಆರಿದ ನಂತರ ಮೇಲೆ ಬಿಳಿ ತಟ್ಟಬೇಕು. ಬಿಳಿ ಒಣಗಿದ ಮೇಲೆ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಉಪ್ಪಿದ್ದ ಕಡೆಯೆಲ್ಲ ಬಿಳಿ ಕಳಚಿ ನೀಲಿ ಕಾಣುತ್ತದೆ. ಕೆಮ್ಮಣ್ಣಿನ ಜಾಡಿಗೆ ಕೆಮ್ಮಣ್ಣನ್ನೇ ಬಳಸಿ. ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜಾಲಿಸಿ, ಮೆತ್ತನೆಯ ಕುಂಚದಲ್ಲಿ ಒತ್ತಿದರಾಯಿತು. ನಿಮ್ಮ ಊರಿನ ಮಣ್ಣಿನ ಬಣ್ಣ ಯಾವ ಅಂಗಡಿಯ ಬಾಟಲಿಯಲ್ಲೂ ಸಿಗುವುದಿಲ್ಲ.

ಗೋಡೆಯ ಹಿಂದೆ ಆಕಾಶ ಬೇಕು. ಈ ವಿಷಯದಲ್ಲಿ ಗುರು ಅಮೆರಿಕದ ಕಾರ್ಲ್ ಏಕ್ಲಿ. 1890ರಲ್ಲಿ ಮಿಲ್ವಾಕಿಯ ಮ್ಯೂಸಿಯಮ್ಮಿಗೆ ನೀರಿಲಿಗಳ ಬಿಲವನ್ನು ಅವುಗಳ ಕೆರೆ, ಜೊಂಡುಹುಲ್ಲಿನ ಸಮೇತ ಮಾಡಿಕೊಟ್ಟವರು ಅವರು. ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂನಲ್ಲಿ 1936ರಲ್ಲಿ ತೆರೆದ ಆಫ್ರಿಕಾ ಪ್ರಾಣಿಗಳ ಸಭಾಂಗಣಕ್ಕೆ ಅವರದೇ ಹೆಸರು. ಅಲ್ಲಿ ಇಪ್ಪತ್ತೆಂಟು ಡಯೋರಾಮಾಗಳಿವೆ. 1926ರಲ್ಲಿ ಕಾಂಗೋದ ಮಿಕೆನೊ ಪರ್ವತದ ಇಳಿಜಾರಿನಲ್ಲಿ ತೀರಿಕೊಂಡ ಏಕ್ಲಿ ಅಲ್ಲೇ ಮಣ್ಣಾದರು. ಸಭಾಂಗಣದ ಗೊರಿಲ್ಲಾ ದೃಶ್ಯದಲ್ಲಿ ಕಾಣುವುದು ಅದೇ ಸೀಮೆ. ಆ ದೃಶ್ಯಗಳ ಹಿನ್ನೆಲೆಗೆ ಮೂಲೆಗಳಿಲ್ಲ. ಗೋಡೆ ಬಿಲ್ಲಿನಂತೆ ಬಾಗಿರುವುದರಿಂದ ಕಣ್ಣು ಎಲ್ಲಿಯೂ ತಡೆಯದೆ ದಿಗಂತಕ್ಕೆ ಹೋಗುತ್ತದೆ. ಮನೆಯಲ್ಲಿ ಒಂದು ದೊಡ್ಡ ಚಾರ್ಟ್ ಹಾಳೆಯನ್ನು ಹಾಗೆಯೇ ಬಾಗಿಸಿ ನಿಲ್ಲಿಸಬಹುದು. ದಿಗಂತದ ಗೆರೆ ಬೊಂಬೆಯ ಕಣ್ಣಿನ ಮಟ್ಟಕ್ಕಿರಲಿ, ಆಕಾಶ ಕೆಳಗೆ ಬಂದಂತೆ ಬಿಳಿಚಿಕೊಳ್ಳಲಿ, ದೂರದ ಗುಡ್ಡ ಬೂದುನೀಲಿಗೆ ತಿರುಗಲಿ. ಕಪಾಟಿನಲ್ಲಿ ಇಡುವಾಗ ಕೂತವರ ಕಣ್ಣಿನೆತ್ತರಕ್ಕೆ ಇಡಿ. ಮೇಲಿಂದ ನೋಡಿದರೆ ಎಂಥ ಬೀದಿಯೂ ಆಟಿಕೆಯೇ.

ಬೆಳಕಿನ ಪಾಠ ಇನ್ನೂ ಹಳೆಯದು. ಫೋಟೋಗ್ರಫಿಯ ಜನಕರಲ್ಲೊಬ್ಬರಾದ ಲೂಯಿ ಡಗೇರ್ 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಯೋರಾಮಾ ಎಂಬ ರಂಗಮಂದಿರವನ್ನೇ ತೆರೆದಿದ್ದರು. ತೆಳುಬಟ್ಟೆಯ ಮೇಲೆ ಬರೆದ ಬೃಹತ್ ಚಿತ್ರಕ್ಕೆ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಬೆಳಕು ಬಿಟ್ಟು ಹಗಲನ್ನು ರಾತ್ರಿಯಾಗಿಸುತ್ತಿದ್ದರು. 1839ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹನ್ನೆರಡು ವೋಲ್ಟಿನ ಎಲ್‌ಇಡಿ ಪಟ್ಟಿ ಆ ಕೆಲಸ ಮಾಡುತ್ತದೆ. ಹಳದಿ ಛಾಯೆಯ ಬೆಳಕನ್ನೇ ಆರಿಸಿ. ದೀಪ ಕಣ್ಣಿಗೆ ಬೀಳಬಾರದು, ಅದರ ಬೆಳಕು ಮಾತ್ರ ಬೀಳಬೇಕು. ಒಂದು ದಿಕ್ಕಿನಿಂದ ಜೋರು, ಉಳಿದ ಕಡೆ ಮಂದ. ಆಗ ಬೊಂಬೆಗೆ ನೆರಳು ಹುಟ್ಟುತ್ತದೆ.

ಇಷ್ಟಾದ ಮೇಲೆ ಬೊಂಬೆಯನ್ನು ತಂದು ನಿಲ್ಲಿಸಬೇಕು. ನಿಜ ಹೇಳಬೇಕೆಂದರೆ ಅದು ಎಲ್ಲಿ, ಏಕೆ ನಿಲ್ಲುತ್ತದೆ ಎಂಬುದನ್ನು ಬ್ಲೇಡು ಎತ್ತುವ ಮೊದಲೇ ನಿರ್ಧರಿಸಿರಬೇಕು. ಷಿಕಾಗೋದ ಶೆಪರ್ಡ್ ಪೇನ್ ಡಯೋರಾಮಾ ಕಟ್ಟುವ ಬಗ್ಗೆ 1980ರಲ್ಲಿ ಬರೆದ ಪುಸ್ತಕ ಈ ಹವ್ಯಾಸಿಗಳ ಪಠ್ಯವಾಗಿ ಉಳಿದಿದೆ. ನೋಡಿದ ಕೂಡಲೇ ಒಂದು ಕಥೆ ತಿಳಿಯಬೇಕು ಎನ್ನುವುದು ಅವರ ಮೊದಲ ಪಾಠ. ಮುಷ್ಟಿ ಬಿಗಿದ ಹತ್ತು ವೀರರನ್ನು ಒಟ್ಟಿಗೆ ತುಂಬಿದರೆ ಕಥೆ ಹುಟ್ಟುವುದಿಲ್ಲ. ಒಬ್ಬ ಸ್ಪೈಡರ್‌ಮ್ಯಾನ್ ಮಳೆಗೆ ಸಿಕ್ಕಿ ಮುಚ್ಚಿದ ಅಂಗಡಿಯ ಮುಂದೆ ಕಟ್ಟೆಯ ಮೇಲೆ ಕೂತಿದ್ದರೆ ಸಾಕು. ಮುಖ ಕಾಣದಿದ್ದರೂ ಬಾಗಿದ ಬೆನ್ನು ಮಾತಾಡುತ್ತದೆ.

ಆ ಕಟ್ಟೆ, ಆ ಅಂಗಡಿ ಯಾವ ಊರಿನದು? ಬ್ಯಾಟ್‌ಮನ್ನಿಗೆ ಅವನ ಊರಾದ ಗಾಥಂನ ಓಣಿಯೇ ಬೇಕೆನ್ನುವವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಗಾಥಂ ಓಣಿಯನ್ನು ಪರದೆಯ ಮೇಲಷ್ಟೇ ನೋಡಿದ್ದೇವೆ. ಅದರ ಗೋಡೆಯನ್ನು ಮುಟ್ಟಿಲ್ಲ, ಅದರ ಚರಂಡಿ ದಾಟಿಲ್ಲ. ಮೈಕಲ್ ಪಾಲ್ ಸ್ಮಿತ್ ಎಂಬ ಅಮೆರಿಕನ್ ಕಲಾವಿದ ‘ಎಲ್ಗಿನ್ ಪಾರ್ಕ್’ ಎಂಬ ಊರನ್ನು ಇಪ್ಪತ್ತನಾಲ್ಕನೇ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದ್ದರು. ತಾವು ಬೆಳೆದ ಪೆನ್ಸಿಲ್ವೇನಿಯಾದ ಪಟ್ಟಣದ ನೆನಪೇ ಅದಕ್ಕೆ ಬುನಾದಿ. ಮಾದರಿ ಮನೆಗಳನ್ನೂ ಕಾರುಗಳನ್ನೂ ಬಯಲಿನಲ್ಲಿ ಮೇಜಿನ ಮೇಲಿಟ್ಟು, ದೂರದ ನಿಜವಾದ ಮರಗಳು ಅಳತೆಗೆ ಸರಿಹೊಂದುವ ಜಾಗ ಹುಡುಕಿ, ಸಾಧಾರಣ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ನೋಡಿದವರು ಹಳೆಯ ಊರಿನ ಹಳೆಯ ಫೋಟೋ ಎಂದೇ ನಂಬಿದರು. 2018ರಲ್ಲಿ ಅವರು ತೀರಿಕೊಂಡರು. ಆ ಬಾಲ್ಯದ ಊರು ಚಿತ್ರಗಳಲ್ಲಿ ಉಳಿದಿದೆ.

ನಮ್ಮ ಊರುಗಳಿಗೂ ಇದು ಬೇಕಾಗಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿ, ಮಲೆನಾಡು, ಮೈಸೂರು ಸೀಮೆಯ ಉದ್ದಕ್ಕೂ ಎದ್ದ ಹೆಂಚಿನ ಮನೆಗಳು ಈಗ ಒಂದೊಂದಾಗಿ ಬೀಳುತ್ತಿವೆ. ತೊಟ್ಟಿ, ಜಗಲಿ, ಪಕಾಸಿ, ರೀಪು ಎಂಬ ಮಾತುಗಳ ಅರ್ಥವನ್ನು ಮಕ್ಕಳಿಗೆ ಬೆರಳು ತೋರಿಸಿ ಹೇಳಲು ಮನೆಗಳೇ ಇಲ್ಲವಾಗುತ್ತಿವೆ. ಅಜ್ಜನ ಮನೆ ಕೆಡವುವ ಮಾತು ನಿಮ್ಮ ಕುಟುಂಬದಲ್ಲಿ ನಡೆಯುತ್ತಿದ್ದರೆ, ಅದಕ್ಕೆ ಮೊದಲು ಮಕ್ಕಳ ಕೈಗೆ ಅಳತೆ ಟೇಪು ಕೊಟ್ಟು ಕಳಿಸಿ. ಬಾಗಿಲ ಎತ್ತರ, ಕಂಬದ ಸುತ್ತಳತೆ, ಮೆಟ್ಟಿಲ ಅಗಲ ಬರೆದುಕೊಳ್ಳಲಿ, ಗೋಡೆಯ ಬುಡದ ಫೋಟೋ ತೆಗೆಯಲಿ, ಅಂಗಳದ ಒಂದು ಹಿಡಿ ಮಣ್ಣು ಡಬ್ಬಿಯಲ್ಲಿ ತರಲಿ. ಬರುವ ದಸರೆಗೆ ಅಡಿಗೆ ಒಂದು ಇಂಚಿನಂತೆ ಆ ಜಗಲಿಯನ್ನು ಕಟ್ಟಿ. ಮೊದಲ ಸಲಕ್ಕೆ ಇಡೀ ಮನೆ ಬೇಡ. ಒಂದು ಗೋಡೆ, ಒಂದು ಬಾಗಿಲು, ಎರಡು ಮೆಟ್ಟಿಲು ಸಾಕು. ಅದರ ಮೇಲೆ ಯಾರನ್ನು ಕೂರಿಸಬೇಕೆಂಬುದು ಮಕ್ಕಳಿಗೇ ಬಿಟ್ಟಿದ್ದು.